ಕರ್ನಲ್ ಮೆಕೆಂಜಿಯ ಸಂಗ್ರಹ

ಮನುಷ್ಯನಿಗೆ ಹೊಟ್ಟೆಪಾಡಿನ ಕೆಲಸವೊಂದಿರುತ್ತದೆ. ಮನಸ್ಸಿಗೆ ಒಪ್ಪಿದ ಕೆಲಸ ಇನ್ನೊಂದಿರುತ್ತದೆ. ಮೊದಲನೆಯದಕ್ಕೆ ಸಂಬಳವುಂಟು, ಮೇಲಧಿಕಾರಿಯುಂಟು, ಹೊತ್ತುಗೊತ್ತುಗಳುಂಟು. ಎರಡನೆಯದಕ್ಕೆ ಇವು ಯಾವುವೂ ಇಲ್ಲ. ಯಾರೂ ಹೇಳದಿದ್ದರೂ, ಯಾರೂ ಮೆಚ್ಚದಿದ್ದರೂ, ಕೈಯಿಂದ ಹಣ ಖರ್ಚಾದರೂ ಬಿಡಲಾಗದ ಆ ಕೆಲಸವನ್ನೇ ನಾವು ಹವ್ಯಾಸವೆನ್ನುತ್ತೇವೆ. ಅಂಚೆಚೀಟಿ, ಹಳೆಯ ನಾಣ್ಯ, ಹಕ್ಕಿಯ ಗರಿ, ಕಡಲ ಚಿಪ್ಪು ಇವುಗಳನ್ನು ಕೂಡಿಡುವವರು ನಿಮ್ಮ ತರಗತಿಯಲ್ಲೂ ಇದ್ದಾರು. ನಾನು ಉಪಾಧ್ಯಾಯನಾಗಿದ್ದ ಹಳ್ಳಿಯ ಶಾಲೆಯೊಂದರಲ್ಲಿ ಹುಡುಗನೊಬ್ಬನು ಬೆಂಕಿಪೊಟ್ಟಣದ ಮೇಲಿನ ಚಿತ್ರಗಳನ್ನು ಕೂಡಿಡುತ್ತಿದ್ದನು. ಯಾವ ಚಿತ್ರ ಯಾವ ಊರಿನಲ್ಲಿ ಸಿಕ್ಕಿತು, ಯಾರು ಕೊಟ್ಟರು ಎಂಬುದನ್ನು ಪ್ರತಿಯೊಂದರ ಬೆನ್ನಿನಲ್ಲೂ ಪೆನ್ಸಿಲಿನಿಂದ ಬರೆದಿಡುವುದು ಅವನ ಪದ್ಧತಿ. ಅದನ್ನು ನೋಡಿ ನಾನು ಆಗ ನಕ್ಕಿದ್ದೆ. ಮುಂದೆ ಕರ್ನಲ್ ಕಾಲಿನ್ ಮೆಕೆಂಜಿಯ ಚರಿತ್ರೆಯನ್ನು ಓದಿದಾಗ ಆ ಪೆನ್ಸಿಲಿನ ಬರಹದ ಬೆಲೆ ಏನೆಂಬುದು ನನಗೆ ತಿಳಿಯಿತು.

ಮೆಕೆಂಜಿಯ ಹೆಸರು ಕನ್ನಡ ನಾಡಿನ ಚರಿತ್ರೆಯನ್ನು ಓದುವವರಿಗೆ ಪರಿಚಿತವಾದುದು. ಅವನು ವೃತ್ತಿಯಿಂದ ಸೈನಿಕ, ಎಂಜಿನಿಯರು, ಭೂಮಾಪಕ. ಅವನನ್ನು ಇಂದಿಗೂ ನೆನೆಯುವಂತೆ ಮಾಡಿರುವುದು ಈ ಮೂರೂ ಅಲ್ಲ. ಬಿಡುವಿನ ವೇಳೆಯಲ್ಲಿ ಅವನು ಕೂಡಿಹಾಕಿದ ಓಲೆಗರಿ, ಕಡತ, ಶಾಸನ, ನಾಣ್ಯ, ಚಿತ್ರಗಳ ರಾಶಿ.

ಸ್ಕಾಟ್ಲೆಂಡಿನ ವಾಯವ್ಯಕ್ಕೆ, ಅಟ್ಲಾಂಟಿಕ್ ಸಾಗರದ ಅಲೆಗಳಿಗೆ ಮೈಯೊಡ್ಡಿ ನಿಂತಿರುವ ಲ್ಯೂಯಿಸ್ ಎಂಬ ದ್ವೀಪವುಂಟು. ಮರಗಳು ವಿರಳವಾದ, ಗಾಳಿ ಮಳೆಗಳು ಬಿಡದೆ ಬಡಿಯುವ ನೆಲ ಅದು. ಆ ದ್ವೀಪದ ಸ್ಟಾರ್ನೊವೇ ಎಂಬ ಬಂದರಿನಲ್ಲಿ 1754ರ ಸುಮಾರಿಗೆ ಕಾಲಿನ್ ಮೆಕೆಂಜಿ ಜನಿಸಿದನು. ಬೆಳೆದು ದೊಡ್ಡವನಾದ ಮೇಲೆ ಅದೇ ಬಂದರಿನ ಸುಂಕದ ಕಚೇರಿಯಲ್ಲಿ ಅಧಿಕಾರಿಯಾದನು. ಬಂದುಹೋಗುವ ಹಡಗುಗಳ ಸರಕನ್ನು ಎಣಿಸಿ ಬರೆದಿಡುವುದು ಆ ಕಚೇರಿಯ ಕೆಲಸ. ಎಣಿಸುವ ಮತ್ತು ಬರೆದಿಡುವ ಅಭ್ಯಾಸ ಅವನಿಗೆ ಅಲ್ಲಿಯೇ ಅಂಟಿರಬೇಕೆಂದು ನನಗೆ ತೋರುತ್ತದೆ.

ಅವನಿಗೆ ಎಳೆಯ ಪ್ರಾಯದಿಂದಲೂ ಗಣಿತದಲ್ಲಿ ಒಲವು. ಆ ಒಲವೇ ಅವನನ್ನು ನೇಪಿಯರ್ ಮನೆತನದ ಸಮೀಪಕ್ಕೆ ಒಯ್ದಿತು. ಲಾಗರಿದಮ್ ಗಣಿತವನ್ನು ಕಂಡುಹಿಡಿದ ಜಾನ್ ನೇಪಿಯರನ ವಂಶಸ್ಥನಾದ ಲಾರ್ಡ್ ನೇಪಿಯರನು ತನ್ನ ಪೂರ್ವಜನ ಚರಿತ್ರೆಯನ್ನು ಬರೆಯಲು ಸಾಮಗ್ರಿಯನ್ನು ಕಲೆಹಾಕುತ್ತಿದ್ದನು. ಹಿಂದೂಗಳ ಗಣಿತದ ವಿಷಯವಾಗಿ ಅವನಿಗೆ ಕುತೂಹಲವಿತ್ತು; ಆ ಕುತೂಹಲ ಮೆಕೆಂಜಿಗೂ ಹತ್ತಿತು. ಲಾರ್ಡ್ ನೇಪಿಯರನು 1773ರಲ್ಲಿ ತೀರಿಕೊಂಡನು. ಅದಾದ ಹತ್ತು ವರ್ಷಗಳ ಮೇಲೆ, 1783ರಲ್ಲಿ, ಸುಮಾರು ಇಪ್ಪತ್ತೊಂಬತ್ತು ವರ್ಷ ವಯಸ್ಸಿನ ಮೆಕೆಂಜಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ನೌಕರಿ ಹಿಡಿದು ಮದರಾಸಿಗೆ ಬಂದಿಳಿದನು. ಆಗ ನೇಪಿಯರನ ಮಗಳು ಹೆಸ್ಟರ್ ತನ್ನ ಪತಿ ಜಾನ್‌ಸ್ಟನ್ನನೊಡನೆ ಮಧುರೆಯಲ್ಲಿ ವಾಸವಾಗಿದ್ದಳು. ಆಕೆ ಅಲ್ಲಿನ ವಿದ್ವಾಂಸರಾದ ಬ್ರಾಹ್ಮಣರನ್ನು ಮೆಕೆಂಜಿಗೆ ಪರಿಚಯ ಮಾಡಿಸಿದಳು. ದಕ್ಷಿಣ ದೇಶದ ಹಳೆಯ ಬರಹಗಳನ್ನೆಲ್ಲ ಒಂದೆಡೆ ಕೂಡಿಸಬೇಕೆಂಬ ಆಸೆ ಅವನಲ್ಲಿ ಮೊಳೆತುದು ಮಧುರೆಯಲ್ಲಿ ಎಂದು ಆ ದಂಪತಿಗಳ ಮಗನಾದ ಅಲೆಕ್ಸಾಂಡರ್ ಜಾನ್‌ಸ್ಟನ್ನನು ಬಹುಕಾಲದ ಮೇಲೆ ತಿಳಿಸಿದ್ದಾನೆ.

ಆಸೆ ಮೊಳೆತರೇನು? ನೀರೆರೆಯಲು ಪುರುಸೊತ್ತಿರಬೇಕಷ್ಟೆ. ಮುಂದಿನ ಹದಿಮೂರು ವರ್ಷಗಳು ದಂಡಿನ ದುಡಿತದಲ್ಲಿಯೇ ಕಳೆದುಹೋದವು. 1786ರಲ್ಲಿ ಅವನು ಕಾಲಾಳು ಪಡೆಯಿಂದ ಎಂಜಿನಿಯರುಗಳ ದಳಕ್ಕೆ ಸೇರಿದನು. ಟಿಪ್ಪು ಸುಲ್ತಾನನ ಮೇಲೆ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಅವನಿದ್ದನು, 1792ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದನು, ಪಾಂಡಿಚೇರಿಯಲ್ಲಿದ್ದನು, ಸಿಂಹಳದಲ್ಲಿದ್ದನು. ನಡುವೆ ನಿಜಾಮನ ರಾಜ್ಯದ ದಾರಿಗಳನ್ನು ಅಳೆದನು. ಕೆಳದರ್ಜೆಯ ಅಧಿಕಾರಿಯ ಸಂಬಳ ಅಲ್ಪ, ವಿರಾಮ ಅದಕ್ಕಿಂತ ಅಲ್ಪ. ಇಷ್ಟು ವರ್ಷಗಳಲ್ಲಿ ತಾನು ಸಂಗ್ರಹಿಸಿದುದು ಏನೂ ಇಲ್ಲವೆಂದೇ ಹೇಳಬೇಕೆಂದು ಅವನು 1817ರಲ್ಲಿ ಜಾನ್‌ಸ್ಟನ್ನನಿಗೆ ಬರೆದ ದೀರ್ಘ ಪತ್ರವೊಂದರಲ್ಲಿ ತೋಡಿಕೊಂಡಿದ್ದಾನೆ. ಇದಕ್ಕೆ ಇನ್ನೂ ದೊಡ್ಡ ಕಾರಣವೊಂದಿತ್ತು. ಅವನಿಗೆ ಈ ದೇಶದ ಭಾಷೆಗಳು ತಿಳಿಯವು. ಓಲೆಯ ಕಟ್ಟನ್ನು ಕೈಗೆತ್ತಿಕೊಂಡರೆ ಅದರಲ್ಲಿರುವುದು ರಾಮಾಯಣವೋ ಸಾಲಪತ್ರವೋ ಎಂದು ಹೇಳುವ ಶಕ್ತಿ ಅವನಿಗಿರಲಿಲ್ಲ. ಕಣ್ಣು ಕಾಣದವನು ಚಿತ್ರಗಳನ್ನು ಕೂಡಿಡಬಯಸಿದಂತೆ ಆಯಿತು ಅವನ ಸ್ಥಿತಿ.

ಆ ಕಣ್ಣು ಅವನಿಗೆ 1796ರಲ್ಲಿ ದೊರೆಯಿತು. ಸಿಂಹಳದಿಂದ ಮರಳಿ ಬಂದಾಗ ಅವನಿಗೆ ಕಾವಲಿ ವೆಂಕಟ ಬೋರಯ್ಯನೆಂಬ ತರುಣನ ಪರಿಚಯವಾಯಿತು. ಬೋರಯ್ಯ ಆಂಧ್ರದ ಏಲೂರಿನವನು, ತೆಲುಗು ಬ್ರಾಹ್ಮಣ. ಆಗ ಅವನಿಗೆ ಇಪ್ಪತ್ತರ ಸುಮಾರು ವಯಸ್ಸು. ಸಂಸ್ಕೃತ, ಪಾರಸಿ, ಹಿಂದೂಸ್ತಾನಿ, ಇಂಗ್ಲಿಷು ಇವುಗಳನ್ನು ಕಲಿತಿದ್ದನು. ಪುಸ್ತಕದ ವಿದ್ಯೆಗಿಂತ ಮಿಗಿಲಾದ ಗುಣವೊಂದು ಅವನಲ್ಲಿತ್ತು. ಯಾವ ಊರಿಗೆ ಹೋದರೂ ಅಲ್ಲಿಯ ಜನರ ವಿಶ್ವಾಸವನ್ನು ಗಳಿಸಿಕೊಳ್ಳಬಲ್ಲವನಾಗಿದ್ದನು. ಕೆಂಪು ಅಂಗಿಯ ದೊರೆಯನ್ನು ಕಂಡು ಬಾಗಿಲು ಮುಚ್ಚಿಕೊಳ್ಳುತ್ತಿದ್ದ ಮನೆಗಳು ಬೋರಯ್ಯನಿಗೆ ತೆರೆದವು. ಭಾರತದ ವಿದ್ಯೆಯ ಹೆಬ್ಬಾಗಿಲನ್ನು ತಾನು ದಾಟಿದುದು ಈ ತರುಣನ ಕೈ ಹಿಡಿದೇ ಎಂದು ಮೆಕೆಂಜಿ ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾನೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಹೋರಾಡುತ್ತ ಮಡಿದನು. ಮುತ್ತಿಗೆ ಹಾಕಿದ್ದ ದಂಡಿನಲ್ಲಿ ನಿಜಾಮನ ಕಡೆಯ ಪಡೆಯೊಡನೆ ಎಂಜಿನಿಯರನಾಗಿ ಮೆಕೆಂಜಿಯೂ ಇದ್ದನು. ಈ ಮಾತನ್ನು ಮರೆಮಾಚುವುದು ಸರಿಯಲ್ಲ. ಅವನು ಈ ನಾಡನ್ನು ಗೆಲ್ಲಲು ಬಂದವರಲ್ಲಿ ಒಬ್ಬನು. ಗೆದ್ದ ನೆಲವನ್ನು ಆಳಬೇಕಾದರೆ ಅದರ ಉದ್ದಗಲಗಳು ತಿಳಿಯಬೇಕು, ಹೊಳೆ ಹಳ್ಳಗಳು ತಿಳಿಯಬೇಕು, ಕೆರೆ ಕೋಟೆಗಳ ಲೆಕ್ಕ ಸಿಗಬೇಕು. ಐದು ವರ್ಷದ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದಲ್ಲಿ ಕುಳ್ಳಿರಿಸಿದ ಕಂಪನಿ ಸರಕಾರವು ಮೈಸೂರು ದೇಶವನ್ನು ಅಳೆಯುವ ಕೆಲಸವನ್ನು ಮೆಕೆಂಜಿಗೆ ವಹಿಸಿತು. ಮುಂದೆ ಸುಮಾರು ಹತ್ತು ವರ್ಷಗಳ ಕಾಲ ಅವನು ಕನ್ನಡ ನಾಡಿನಲ್ಲಿಯೇ ತಿರುಗಾಡಿದನು. ಆ ಅವಧಿಯಲ್ಲಿ ಅವನೂ ಅವನ ಸಹಾಯಕರೂ ಅಳೆದ ನೆಲ ಸುಮಾರು 40,000 ಚದರ ಮೈಲಿ.

ಈ ಕೆಲಸದ ಕಷ್ಟವನ್ನು ಇಂದು ಊಹಿಸುವುದೂ ಸುಲಭವಲ್ಲ. ಬೆಟ್ಟದ ತುದಿಯಲ್ಲಿ ಬಾವುಟ ನೆಡಬೇಕು. ಅದನ್ನು ಇನ್ನೊಂದು ಬೆಟ್ಟದಿಂದ ದುರ್ಬೀನಿನಲ್ಲಿ ನೋಡಿ ಕೋನವನ್ನು ಅಳೆಯಬೇಕು. ಮೋಡ ಕವಿದರೆ ದಿನಗಟ್ಟಲೆ ಕಾಯಬೇಕು. ಮಲೆನಾಡಿನ ಚಳಿಜ್ವರ ಅಳೆಯುವವರನ್ನು ಒಬ್ಬರ ಮೇಲೊಬ್ಬರಂತೆ ಹಾಸಿಗೆ ಹಿಡಿಸಿತು. ಸಾಲದುದಕ್ಕೆ, ಇಂಗ್ಲೆಂಡಿನಲ್ಲಿದ್ದ ಕಂಪನಿಯ ಒಡೆಯರು ಖರ್ಚು ಹೆಚ್ಚಾಯಿತೆಂದು ಸರ್ವೇಯ ಭತ್ಯೆಗಳಿಗೆ ಕತ್ತರಿ ಹಾಕಿದರು. ಹಗಲೆಲ್ಲ ಇದರಲ್ಲಿ ಬೆಂದು, ಸಂಜೆ ಡೇರೆಗೆ ಮರಳಿದ ಮೇಲೆ ಮೆಕೆಂಜಿಯ ಇನ್ನೊಂದು ಕೆಲಸ ಆರಂಭವಾಗುತ್ತಿತ್ತು. ಬೋರಯ್ಯನೂ ಅವನ ಸಂಗಡಿಗರೂ ಅಂದು ಕಂಡು ಕೇಳಿ ತಂದುದನ್ನು ಅವನ ಮುಂದೆ ಹರಡುತ್ತಿದ್ದರು.

ಅವರು ತರುತ್ತಿದ್ದುದೇನು? ಮೊದಲನೆಯದು ಕಡತ. ಇಂದಿನ ಕಚೇರಿಯಲ್ಲಿ ಕಾಗದದ ಕಟ್ಟಿಗೆ ನಾವು ಈ ಹೆಸರನ್ನು ಕೊಟ್ಟಿದ್ದೇವೆ. ಹಿಂದಿನ ಕಡತ ಬೇರೆಯದೇ ವಸ್ತು. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಹಿಂದೆ ಮುಂದೆ ಮಡಿಸಿ, ಎರಡು ತುದಿಗೂ ಮರದ ಹಲಗೆಯನ್ನಿಟ್ಟು ಅದನ್ನು ಸಿದ್ಧಪಡಿಸುತ್ತಿದ್ದರು. ಅದರ ಮೇಲೆ ಬಳಪದಿಂದ ಬರೆಯುವುದು; ಬೇಡವಾದರೆ ಒರಸಿ ಮತ್ತೆ ಬರೆಯುವುದು. ಬಾಲ್ಯದಲ್ಲಿ ನಮ್ಮ ಊರಿನ ಶಾನುಭೋಗರ ಮನೆಯ ಅಟ್ಟದಲ್ಲಿ ನಾನು ಇಂತಹದೊಂದನ್ನು ನೋಡಿದ್ದುಂಟು. ಕರಿಯ ಬಟ್ಟೆಯ ಮೇಲೆ ಅಕ್ಷರಗಳು ಅಂದು ತಾನೆ ಬರೆದಂತೆ ಬೆಳ್ಳಗಿದ್ದವು. ಶಾನುಭೋಗರ ಮನೆಗಳಲ್ಲಿ ತಲೆಮಾರುಗಳಿಂದ ಇದ್ದ ಈ ಕಡತಗಳಲ್ಲಿ ಊರಿನ ಹೊಲಗದ್ದೆಗಳ ಲೆಕ್ಕ, ದಾನದತ್ತಿಗಳ ವಿವರ, ಅರಸುಮನೆತನಗಳ ವಂಶಾವಳಿ ಎಲ್ಲವೂ ಅಡಗಿದ್ದವು.

ಎರಡನೆಯದು ಕೈಫಿಯತ್ತು. ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದ ಈ ಮಾತಿಗೆ ಸಂಗತಿಗಳ ನಿವೇದನೆ ಎಂದರ್ಥ. ಮೆಕೆಂಜಿ ತನ್ನವರಿಗೆ ಪ್ರಶ್ನೆಗಳ ಪಟ್ಟಿಯನ್ನು ಕೊಟ್ಟು ಕಳುಹಿಸುತ್ತಿದ್ದನು. ಊರು ಯಾರಿಂದ ಆಯಿತು? ಕೆರೆಯನ್ನು ಯಾರು ಕಟ್ಟಿಸಿದರು? ಗುಡಿಗೆ ಯಾವ ಅರಸನ ದತ್ತಿ? ಪಾಳೆಯಗಾರನ ವಂಶ ಎಲ್ಲಿಂದ ಬಂದಿತು? ಹೀಗೆ ಕೇಳಿ, ಊರಿನ ಹಿರಿಯರು ಹೇಳಿದುದನ್ನು, ಕಡತಗಳಲ್ಲಿ ಕಂಡುದನ್ನು ಕೂಡಿಸಿ ಅಲ್ಲಿಯ ಭಾಷೆಯಲ್ಲಿಯೇ ಬರೆಸಿಕೊಂಡು ಬರುತ್ತಿದ್ದರು. ಕೈಫಿಯತ್ತುಗಳಲ್ಲಿ ಕತೆಯೂ ನಿಜವೂ ಹಾಲು ನೀರಿನಂತೆ ಬೆರೆತಿವೆ. ಮೊಲವು ನಾಯಿಯನ್ನು ಅಟ್ಟಿದ ಸ್ಥಳದಲ್ಲಿ ಕೋಟೆ ಕಟ್ಟಿದ ಬಗೆಯ ಕತೆಗಳಿಗೆ ಕೊರತೆಯಿಲ್ಲ. ಆದರೆ ಅದೇ ಬರಹದ ಮುಂದಿನ ಪುಟದಲ್ಲಿ ಯಾವುದೋ ಬರಗಾಲದ, ಯಾವುದೋ ವಲಸೆಯ, ಒಡೆದುಹೋದ ಕೆರೆಯ ಸುದ್ದಿ ಇದ್ದೀತು. ಅರಸರ ಶಾಸನಗಳು ಹೇಳದ ಇಂತಹ ಸುದ್ದಿಗಳಿಗೆ ಬೇರೆ ಆಧಾರ ಸಿಗುವುದು ಅಪರೂಪ.

ಜನರು ಇದನ್ನೆಲ್ಲ ಸುಲಭವಾಗಿ ಕೊಟ್ಟರೆಂದು ತಿಳಿಯಬಾರದು. ದೊರೆಯ ಕಡೆಯವರು ಬಂದು ಭೂಮಿಯ ಕಾಗದ ಕೇಳಿದರೆ ಅದರ ಹಿಂದೆ ಹೊಸ ಕಂದಾಯ ಬರುವುದೆಂದು ರೈತನು ಅಂಜುವುದು ಸಹಜ. ದತ್ತಿಯ ಭೂಮಿಯನ್ನು ಅನುಭವಿಸುತ್ತಿದ್ದವರಿಗೆ ಅದು ಕೈಬಿಟ್ಟುಹೋಗುವ ಭಯ. ದಿವಾನ್ ಪೂರ್ಣಯ್ಯನವರೂ ಈ ಅಳತೆಯನ್ನು ಕುರಿತು ಎಚ್ಚರಿಕೆಯಿಂದಲೇ ಇದ್ದರು. ಮೆಕೆಂಜಿಯ ಕುತೂಹಲ ಪ್ರಾಮಾಣಿಕವಾದುದಾಗಿದ್ದರೂ ಅವನ ಅಂಗಿಯ ಬಣ್ಣ ಎಲ್ಲರಿಗೂ ಕಾಣುತ್ತಿತ್ತು. ಆ ಅಂಜಿಕೆಯನ್ನು ಕಳೆಯಲು ನಯವಾದ ಮಾತು, ತಾಳ್ಮೆ, ಒಮ್ಮೊಮ್ಮೆ ಚಿಕ್ಕ ಉಡುಗೊರೆ ಇವೆಲ್ಲವೂ ಬೇಕಾಗುತ್ತಿದ್ದವು. ಆ ಕೆಲಸವನ್ನು ಮಾಡಿದವರು ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ, ನಾರಾಯಣರಾಯ, ಆನಂದರಾಯ ಮೊದಲಾದ ದೇಶೀಯರು. ಇವರು ಊರೂರು ಅಲೆದು ತಿಂಗಳು ತಿಂಗಳಿಗೆ ವರದಿ ಬರೆದು ಕಳುಹಿಸುತ್ತಿದ್ದರು. ಇವರ ಸಂಬಳದ ಬಹುಭಾಗ ಮೆಕೆಂಜಿಯ ಸ್ವಂತ ಜೇಬಿನಿಂದ ಹೋಗುತ್ತಿತ್ತು. ಒಟ್ಟು ಸಂಗ್ರಹಕ್ಕೆ ಅವನು ಹದಿನೈದು ಸಾವಿರ ಪೌಂಡುಗಳಿಗಿಂತ ಹೆಚ್ಚು ಖರ್ಚು ಮಾಡಿದನೆಂದು ಅಲೆಕ್ಸಾಂಡರ್ ಜಾನ್‌ಸ್ಟನ್ನನ ಹೇಳಿಕೆ.

ತುಂಗಭದ್ರೆಯ ದಡದಲ್ಲಿ ಹಾಳುಬಿದ್ದಿದ್ದ ವಿಜಯನಗರವನ್ನು ಅವನು ಕಂಡುದು 1799-1800ರ ಸುಮಾರಿಗೆ. ಆ ಪಟ್ಟಣದ ನಕ್ಷೆಯನ್ನು ಮೊದಲು ಬರೆಸಿದವನು ಅವನೇ. ಹಂಪಿಯ ಅರ್ಚಕರನ್ನು ಕೇಳಿ ಅಲ್ಲಿಯ ಚರಿತ್ರೆಯನ್ನು ಬರೆಸಿಕೊಂಡನು. ಊರ ಹೊರಗಿನ ಹೊಲಗಳಲ್ಲಿ ಓರೆಯಾಗಿ ನಿಂತಿದ್ದ, ದನ ಕಾಯುವವರು ಒರಗಿಕೊಳ್ಳುತ್ತಿದ್ದ ವೀರಗಲ್ಲು ಮಾಸ್ತಿಗಲ್ಲುಗಳನ್ನೂ ಅವನು ಬಿಡಲಿಲ್ಲ. ಅವು ಯುದ್ಧದಲ್ಲಿ ಮಡಿದವರ, ಪತಿಯೊಡನೆ ಚಿತೆಯೇರಿದವರ ನೆನಪಿನ ಕಲ್ಲುಗಳೆಂಬುದನ್ನು ಅರಿತು, ತನ್ನ ಪತ್ರದಲ್ಲಿ ತಾನು ಕಂಡುಕೊಂಡ ಮುಖ್ಯ ಸಂಗತಿಗಳ ಜೊತೆಯಲ್ಲಿ ಅವನ್ನು ಎಣಿಸಿದನು. ನಮ್ಮ ಊರ ಮುಂದಿನ ಕಲ್ಲನ್ನು ಹೀಗೆ ನಿಂತು ನೋಡಲು ಲ್ಯೂಯಿಸ್ ದ್ವೀಪದವನೊಬ್ಬನು ಬರಬೇಕಾಯಿತಲ್ಲ ಎಂದು ನನಗೆ ಒಮ್ಮೊಮ್ಮೆ ನಾಚಿಕೆಯಾಗುತ್ತದೆ.

ಶಾಸನಗಳ ವಿಷಯದಲ್ಲಿ ಇನ್ನೊಂದು ತೊಡಕು ಬಂದಿತು. ಹಳಗನ್ನಡದ ಲಿಪಿಯನ್ನು ಓದಬಲ್ಲವರು ಆಗ ಬಹಳ ವಿರಳ. ಬೋರಯ್ಯನ ವಿದ್ಯೆಯೂ ಅಲ್ಲಿ ನಿಂತುಹೋಯಿತು. ಹುಡುಕುತ್ತ ಹೋದಾಗ, ಇಂದಿನ ಚಾಮರಾಜನಗರ ಜಿಲ್ಲೆಯ ಮಲೆಯೂರಿನಲ್ಲಿ ಧರ್ಮಯ್ಯನೆಂಬ ಜೈನ ಪಂಡಿತನು ದೊರೆತನು. ಅವನು ಆ ಅಕ್ಷರಗಳನ್ನು ಓದಬಲ್ಲವನಾಗಿದ್ದನು. ಮೆಕೆಂಜಿಯ ಸಂಗ್ರಹದಲ್ಲಿ ಕನ್ನಡ ಶಾಸನಗಳು ಬಾಯಿಬಿಟ್ಟುದು ಧರ್ಮಯ್ಯನಿಂದ. ಜೈನಧರ್ಮವು ಬೌದ್ಧಧರ್ಮದ ಕವಲಲ್ಲ, ಅದು ತಾನೇ ಬೇರೆಯಾದ ಮತವೆಂಬುದನ್ನು ಯುರೋಪಿನ ವಿದ್ವಾಂಸರಿಗೆ ತೋರಿಸಿದ ಆರಂಭದ ಬರಹಗಳಲ್ಲಿ ಮೆಕೆಂಜಿಯ ಬಳಗದಿಂದ ಬಂದುದೂ ಒಂದು. ಜೈನ ಗುರುವೊಬ್ಬರಿಂದ ಕೇಳಿ ಬೋರಯ್ಯನು ಭಾಷಾಂತರಿಸಿದ್ದ ಆ ಲೇಖನವು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಶೋಧನ ಗ್ರಂಥಮಾಲೆಯ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾಯಿತು. ಅದನ್ನು ಅಚ್ಚಿನಲ್ಲಿ ನೋಡಲು ಬೋರಯ್ಯನು ಉಳಿದಿರಲಿಲ್ಲ. 1803ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಅವನು ತೀರಿಕೊಂಡನು.

ಮೆಕೆಂಜಿಗೆ ಇದು ದೊಡ್ಡ ಪೆಟ್ಟು. ಕೆಲಸ ಅಲ್ಲಿಗೇ ನಿಲ್ಲಬಹುದಾಗಿತ್ತು. ಲಕ್ಷ್ಮಯ್ಯನು ಅಣ್ಣನ ಸ್ಥಾನದಲ್ಲಿ ನಿಂತು ಅದನ್ನು ಉಳಿಸಿಕೊಂಡನು. ಅಲ್ಲಿಂದ ಮುಂದೆ ಸಂಗ್ರಾಹಕರನ್ನು ಊರೂರಿಗೆ ಕಳುಹಿಸುವುದು, ಅವರ ವರದಿಗಳನ್ನು ತಿದ್ದುವುದು, ಭಾಷಾಂತರ ಮಾಡಿಸುವುದು ಎಲ್ಲವೂ ಅವನ ಹೊಣೆಯಾಯಿತು.

1810ರಲ್ಲಿ ಮೆಕೆಂಜಿ ಮದರಾಸಿನ ಸರ್ವೇಯರ್ ಜನರಲ್ ಆದನು. ಮರುವರ್ಷವೇ ದಂಡಿನೊಡನೆ ಜಾವಾ ದ್ವೀಪಕ್ಕೆ ಹೋಗಬೇಕಾಯಿತು. ಎರಡು ವರ್ಷ ಅಲ್ಲಿದ್ದನು. ಅಲ್ಲಿಯೂ ಕೈ ಸುಮ್ಮನಿರಲಿಲ್ಲ. ಪ್ರಂಬಾನನ್ನಿನ ಹಾಳುಗುಡಿಗಳನ್ನು ನೋಡಿ ಬರೆದನು, ಗ್ರಂಥಗಳನ್ನೂ ಚಿತ್ರಗಳನ್ನೂ ಕೂಡಿಸಿದನು. ಅಲ್ಲಿಯೇ, ಐವತ್ತೆಂಟರ ಸುಮಾರಿನಲ್ಲಿ, ಡಚ್ ಮನೆತನದ ಕನ್ಯೆಯೊಬ್ಬಳನ್ನು ಮದುವೆಯಾದನು. ಅವನು ದೂರವಿದ್ದಷ್ಟು ಕಾಲವೂ ಮದರಾಸಿನಲ್ಲಿ ಲಕ್ಷ್ಮಯ್ಯನ ಕೈಕೆಳಗೆ ಕೆಲಸ ನಡೆದೇ ಇದ್ದಿತು. 1815ರಲ್ಲಿ ಮೆಕೆಂಜಿ ಇಡೀ ಭಾರತದ ಸರ್ವೇಯರ್ ಜನರಲ್ ಆದನು. ಆ ಪದವಿಗೆ ಏರಿದವರಲ್ಲಿ ಅವನೇ ಮೊದಲಿಗ.

ಆಂಧ್ರದ ಅಮರಾವತಿಯ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. 1797ರಲ್ಲಿ ಅವನು ಮೊದಲು ಅಲ್ಲಿಗೆ ಹೋದಾಗ, ಅಲ್ಲಿಯ ಜಮೀನುದಾರನು ಹೊಸ ಊರನ್ನು ಕಟ್ಟಿಸಲು ದಿಬ್ಬವೊಂದನ್ನು ಅಗೆಸಿ ಕಲ್ಲು ತೆಗೆಸುತ್ತಿದ್ದನು. ಕಲ್ಲುಗಳ ಮೇಲೆ ಅಪೂರ್ವವಾದ ಕೆತ್ತನೆ. ಅದು ಪ್ರಾಚೀನವಾದ ಬೌದ್ಧ ಸ್ತೂಪ. ಅಂದು ಅದು ಏನೆಂದು ಯಾರಿಗೂ ತಿಳಿದಿರಲಿಲ್ಲ. ಮೆಕೆಂಜಿ ಬೆರಗಾಗಿ ನೋಡಿ, ಕೆಲವನ್ನು ಗುರುತುಮಾಡಿಕೊಂಡು, ಮುಂದೆ ಬಿಡುವಾದಾಗ ಬರುವೆನೆಂದು ಹೋದನು. ಆ ಬಿಡುವು ಸಿಕ್ಕಿದುದು ಹತ್ತೊಂಬತ್ತು ವರ್ಷಗಳ ಮೇಲೆ, 1816ರಲ್ಲಿ. ಅಷ್ಟರೊಳಗೆ ಕಲ್ಲುಗಳಲ್ಲಿ ಎಷ್ಟೋ ಕಾಣೆಯಾಗಿದ್ದವು. ಕೆಲವು ಕೆರೆಯ ಮೆಟ್ಟಿಲಾಗಿದ್ದವು, ಕೆಲವು ಸುಣ್ಣದ ಗೂಡಿನಲ್ಲಿ ಬೂದಿಯಾಗಿದ್ದವು. ಉಳಿದುದನ್ನು ಅವನ ಚಿತ್ರಗಾರರು ಒಂದೊಂದಾಗಿ ಅಳತೆಯಿಟ್ಟು ಬರೆದರು. ಅನಂತರ ನಾಶವಾದ ಕೆಲವು ಶಿಲ್ಪಗಳ ರೂಪ ನಮಗೆ ಇಂದು ತಿಳಿದಿರುವುದು ಆ ಚಿತ್ರಗಳಿಂದಲೇ. ಬಿಡುವನ್ನು ಕಾಯುವವನಿಗೆ ಕಾಲವು ಕಾಯುವುದಿಲ್ಲವೆಂಬುದು ಅಲ್ಲಿ ಅವನಿಗೆ ಚೆನ್ನಾಗಿ ಅರಿವಾಗಿರಬೇಕು. ಅಚ್ಚರಿಯೆಂದರೆ, ತನ್ನ ಸ್ವಂತ ಸಂಗ್ರಹದ ವಿಷಯದಲ್ಲಿಯೂ ಅವನು ಅದೇ ತಪ್ಪನ್ನು ಮಾಡಿದನು.

ಸಂಗ್ರಹಕ್ಕೆ ಒಂದು ಕ್ರಮವಾದ ಪಟ್ಟಿಯನ್ನು ಮಾಡಬೇಕು, ಪ್ರತಿಯೊಂದು ವಸ್ತು ಎಲ್ಲಿಂದ ಬಂದಿತು ಏನನ್ನು ಹೇಳುತ್ತದೆ ಎಂಬುದನ್ನು ಬರೆದಿಡಬೇಕು ಎಂದು ಅವನು ವರ್ಷ ವರ್ಷವೂ ಅಂದುಕೊಳ್ಳುತ್ತಿದ್ದನು. ಊರಿಗೆ ಮರಳಿ ಹೋಗಿ ಸಾವಧಾನವಾಗಿ ಆ ಕೆಲಸಕ್ಕೆ ಕೂಡಬೇಕೆಂಬ ಆಸೆಯೂ ಇದ್ದಿತು. 1817ರಲ್ಲಿ ಪದವಿಯ ನಿಮಿತ್ತ ಕಲ್ಕತ್ತೆಗೆ ಹೋಗಬೇಕಾದಾಗ ಓಲೆ ಕಡತಗಳ ರಾಶಿಯೂ, ಲಕ್ಷ್ಮಯ್ಯ ಮುಂತಾದ ಕೆಲವರೂ ಅವನೊಡನೆ ಹೋದರು. ಆದರೆ ಬಂಗಾಳದಲ್ಲಿ ಕನ್ನಡ ತೆಲುಗು ತಮಿಳುಗಳನ್ನು ಓದುವವರು ಎಲ್ಲಿ ಸಿಗಬೇಕು? ಕೆಲಸ ಕುಂಟುತ್ತ ಸಾಗಿತು. ಅವನ ಆರೋಗ್ಯವೂ ಕೆಟ್ಟಿತು. 1821ರ ಮೇ 8ರಂದು ಕಲ್ಕತ್ತೆಯ ಸಮೀಪದಲ್ಲಿ ಮೆಕೆಂಜಿ ತೀರಿಕೊಂಡನು. ಇಂಡಿಯಾಕ್ಕೆ ಬಂದು ಮೂವತ್ತೆಂಟು ವರ್ಷಗಳಾಗಿದ್ದವು. ಒಮ್ಮೆಯೂ ಅವನು ತನ್ನ ದ್ವೀಪಕ್ಕೆ ಮರಳಿ ಹೋಗಿರಲಿಲ್ಲ. ಪಟ್ಟಿ ಮುಗಿದಿರಲಿಲ್ಲ.

ಸರಕಾರವು ಅವನ ವಿಧವೆಗೆ ಒಂದು ಲಕ್ಷ ರೂಪಾಯಿ ಕೊಟ್ಟು ಸಂಗ್ರಹವನ್ನು ಕೊಂಡುಕೊಂಡಿತು. ಏಷ್ಯಾಟಿಕ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಸಂಸ್ಕೃತ ವಿದ್ವಾಂಸ ಹೋರೇಸ್ ಹೇಮನ್ ವಿಲ್ಸನ್ ಅದರ ಪಟ್ಟಿಯನ್ನು ಸಿದ್ಧಪಡಿಸಲು ಮುಂದೆ ಬಂದನು. 1828ರಲ್ಲಿ ಆ ಪಟ್ಟಿ ಎರಡು ಸಂಪುಟಗಳಲ್ಲಿ ಅಚ್ಚಾಯಿತು. ಅದರಲ್ಲಿ ಕೊಟ್ಟಿರುವ ಲೆಕ್ಕವನ್ನು ನೋಡಿದರೆ ಒಬ್ಬ ಮನುಷ್ಯನ ಬಿಡುವಿನ ವೇಳೆಯ ದುಡಿಮೆ ಇದು ಎಂದು ನಂಬುವುದು ಕಷ್ಟ. ಸಾಹಿತ್ಯದ ಹಸ್ತಪ್ರತಿಗಳು 1,568, ಸ್ಥಳೀಯ ವೃತ್ತಾಂತಗಳು 2,070, ಶಾಸನಗಳ ಪ್ರತಿಗಳು 8,076, ಭಾಷಾಂತರಗಳು 2,159, ಚಿತ್ರಗಳು 2,630, ನಾಣ್ಯಗಳು 6,218. ಇವಲ್ಲದೆ ನಕ್ಷೆಗಳು, ವಿಗ್ರಹಗಳು, ಪುರಾತನ ವಸ್ತುಗಳು. ಆದರೆ ವಿಲ್ಸನ್ನನಿಗೂ ದಕ್ಷಿಣದ ಭಾಷೆಗಳು ಬಾರವು. ಓಲೆಯಲ್ಲಿ ಏನಿದೆಯೆಂದು ಮೆಕೆಂಜಿಯ ಹಳೆಯ ಸಹಾಯಕರು ಹೇಳಿದುದನ್ನು ಅವಲಂಬಿಸಿಯೇ ಅವನು ಬರೆಯಬೇಕಾಯಿತು. ಓದಲಾರದವನೊಬ್ಬನು ಕೂಡಿಸಿದ ರಾಶಿಗೆ ಓದಲಾರದ ಇನ್ನೊಬ್ಬನು ಪಟ್ಟಿ ಬರೆದನು. ನಡುವೆ ನಿಂತು ಇಬ್ಬರಿಗೂ ಓದಿ ಹೇಳಿದವರ ಹೆಸರು ಆ ಗ್ರಂಥದ ಮುಖಪುಟದಲ್ಲಿಲ್ಲ.

ಅನಂತರ ಸಂಗ್ರಹವು ಹಂಚಿಹೋಯಿತು. ಒಂದು ಪಾಲು ಹಡಗೇರಿ ಲಂಡನ್ನಿಗೆ ಹೋಯಿತು. ದಕ್ಷಿಣದ ಭಾಷೆಗಳ ಬಹುಪಾಲು ಮದರಾಸಿಗೆ ಮರಳಿತು. ಅದು ಬಂದುದನ್ನು ಕಂಡು ಲಕ್ಷ್ಮಯ್ಯನು ಮತ್ತೆ ಮತ್ತೆ ಸರಕಾರಕ್ಕೆ ಅರ್ಜಿ ಸಲ್ಲಿಸಿದನು. ಅರ್ಧಕ್ಕೆ ನಿಂತ ಕೆಲಸವನ್ನು ಮುಗಿಸಲು ತನಗೆ ಅಪ್ಪಣೆಯಾಗಬೇಕು, ತಾನು ಅದನ್ನು ಬಲ್ಲೆನು ಎಂಬುದು ಅವನ ಪ್ರಾರ್ಥನೆ. ಅವನಿಗಿಂತ ಅದನ್ನು ಬಲ್ಲವರು ಆಗ ಜಗತ್ತಿನಲ್ಲಿ ಇರಲಿಲ್ಲ. ಸರಕಾರವು ಏಷ್ಯಾಟಿಕ್ ಸೊಸೈಟಿಯ ಸಲಹೆ ಕೇಳಿತು. ಸಾಮಗ್ರಿಯನ್ನು ತೂಗಿ ವಿಮರ್ಶಿಸುವ ಶಕ್ತಿ ದೇಶೀಯನಾದ ಲಕ್ಷ್ಮಯ್ಯನಿಗೆ ಸಾಲದೆಂದು ಅಲ್ಲಿಯವರು ತೀರ್ಮಾನಿಸಿದರು. ಕೆಲಸವನ್ನು ವಿಲಿಯಮ್ ಟೇಲರ್ ಎಂಬ ಪಾದ್ರಿಗೆ ಒಪ್ಪಿಸಲಾಯಿತು. ಇಪ್ಪತ್ತೈದು ವರ್ಷಗಳ ಕಾಲ ಒಂದೊಂದು ಕಟ್ಟನ್ನೂ ಬಿಚ್ಚಿ ಕಟ್ಟಿದ ಕೈಗೆ ಅದು ಮತ್ತೆ ಬರಲಿಲ್ಲ. ಅವನಿಗೆ ತಿಳಿದಿದ್ದ ಎಷ್ಟು ಸಂಗತಿಗಳು ಅವನೊಡನೆಯೇ ಹೋದವೋ! ಬೆಂಕಿಪೊಟ್ಟಣದ ಚಿತ್ರಗಳ ಬೆನ್ನಿನಲ್ಲಿ ಬರೆದಿಡುತ್ತಿದ್ದ ಹುಡುಗನ ನೆನಪು ನನಗೆ ಬಂದುದು ಈ ಪುಟಗಳನ್ನು ಓದುತ್ತಿದ್ದಾಗಲೇ.

ಹಾಗೆಂದು ಎಲ್ಲವೂ ವ್ಯರ್ಥವಾಗಲಿಲ್ಲ. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯನ್ನು ಬರೆಯುವಾಗ ಮೆಕೆಂಜಿಯ ಸಾಮಗ್ರಿಯನ್ನು ಬಳಸಿಕೊಂಡನು. ತೆಲುಗು ಸಾಹಿತ್ಯಕ್ಕಾಗಿ ದುಡಿದ ಸಿ. ಪಿ. ಬ್ರೌನನು ಲಂಡನ್ನಿನಲ್ಲಿ ಧೂಳು ತಿನ್ನುತ್ತಿದ್ದ ಕಟ್ಟುಗಳಲ್ಲಿ ಕೆಲವನ್ನು ಹುಡುಕಿ ಮದರಾಸಿಗೆ ಮರಳಿ ತರಿಸಿದನು. ಚೆನ್ನೈನ ಸರಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಅವು ಇವೆ. ಅಲ್ಲಿದ್ದ ಕನ್ನಡ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದರು; ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1994ರಲ್ಲಿ ಅವನ್ನು ಗ್ರಂಥರೂಪದಲ್ಲಿ ಪ್ರಕಟಿಸಿತು. ಮೆಕೆಂಜಿ ಡೇರೆ ಹೂಡಿ ನಕ್ಷೆ ಬರೆಸಿದ ಊರಿನಿಂದಲೇ, ಅವನು ಸತ್ತು ನೂರ ಎಪ್ಪತ್ತಮೂರು ವರ್ಷಗಳ ಮೇಲೆ, ಅವು ಕನ್ನಡಿಗರ ಕೈಸೇರಿದವು.

ಮೆಕೆಂಜಿಯ ವರ್ಣಚಿತ್ರವೊಂದು ಲಂಡನ್ನಿನಲ್ಲಿದೆ. ಥಾಮಸ್ ಹಿಕಿ ಎಂಬ ಚಿತ್ರಕಾರನು 1816ರಲ್ಲಿ ಮದರಾಸಿನಲ್ಲಿ ಬರೆದುದು. ದೊಡ್ಡ ಅಧಿಕಾರಿಗಳು ತಮ್ಮ ಚಿತ್ರ ಬರೆಸಿಕೊಳ್ಳುವಾಗ ಒಂಟಿಯಾಗಿ ನಿಲ್ಲುವುದು ಅಂದಿನ ವಾಡಿಕೆ. ಮೆಕೆಂಜಿ ಹಾಗೆ ನಿಂತಿಲ್ಲ. ಕೆಂಪು ಅಂಗಿ ತೊಟ್ಟ, ನರೆತ ಕೂದಲಿನ, ಎತ್ತರದ ಆ ಮನುಷ್ಯನ ಸುತ್ತ ಮೂವರು ದೇಶೀಯರು ಇದ್ದಾರೆ. ಒಬ್ಬನು ದುರ್ಬೀನನ್ನು ಹಿಡಿದ ಸರ್ವೇಯ ಆಳು. ಓಲೆಗರಿಯನ್ನು ಹಿಡಿದವನು ಮಲೆಯೂರಿನ ಧರ್ಮಯ್ಯನೆಂದೂ, ಉಳಿದೊಬ್ಬನು ಲಕ್ಷ್ಮಯ್ಯನೆಂದೂ ಬಲ್ಲವರು ಹೇಳುತ್ತಾರೆ. ಹಿಂದೆ, ದೂರದ ಗುಡ್ಡದ ಮೇಲೆ, ಕಾರ್ಕಳದ ಗೊಮ್ಮಟನು ಚಿಕ್ಕದಾಗಿ ಕಾಣುತ್ತಾನೆ.